ಕೌಶಲದ ವಾದವೂ ಶ್ರಾವಕನ ಆಜೀವಿಕೆಯೂ: ಪೋಕರ್ ವೃತ್ತಿಯನ್ನು ಕುರಿತು

ಸಪ್ತವ್ಯಸನಗಳ ಹೆಸರನ್ನು ಕಂಠಪಾಠ ಮಾಡದೆ ಬೆಳೆದ ಮಕ್ಕಳು ನಮ್ಮ ಮನೆಗಳಲ್ಲಿ ವಿರಳ. ಆ ಪಟ್ಟಿಯಲ್ಲಿ ಮಾಂಸ, ಮದ್ಯ, ಕಳವುಗಳಿಗಿಂತಲೂ ಮೊದಲು ಬರುವುದು ದ್ಯೂತ. ಒಂದೊಂದು ವ್ಯಸನಕ್ಕೂ ಒಂದೊಂದು ದೃಷ್ಟಾಂತವನ್ನು ಕೊಡುವ ನಮ್ಮ ಶ್ರಾವಕಾಚಾರ ಗ್ರಂಥಗಳು ಮದ್ಯಕ್ಕೆ ಯಾದವರನ್ನೂ ವೇಶ್ಯಾಗಮನಕ್ಕೆ ಚಾರುದತ್ತನನ್ನೂ ಪರಸ್ತ್ರೀವ್ಯಾಮೋಹಕ್ಕೆ ರಾವಣನನ್ನೂ ಹೆಸರಿಸುವಂತೆ ದ್ಯೂತಕ್ಕೆ ಯುಧಿಷ್ಠಿರನನ್ನು ಹೆಸರಿಸುತ್ತವೆ. ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಯುಧಿಷ್ಠಿರ ಸೋತವನು. ರಾಜ್ಯ ಕಳೆದುಕೊಂಡವನು, ತಮ್ಮಂದಿರನ್ನೂ ಮಡದಿಯನ್ನೂ ಪಣವಾಗಿ ಒಡ್ಡಿದವನು. ಜೂಜನ್ನು ಕುರಿತ ನಮ್ಮ ಉಪದೇಶಗಳೆಲ್ಲ ಬಹುಮಟ್ಟಿಗೆ ಸೋತವನನ್ನು ಎದುರಿಗಿಟ್ಟುಕೊಂಡೇ ನಡೆಯುತ್ತವೆ. ಮನೆ ಹಾಳಾಗುತ್ತದೆ, ಹೆಂಡತಿಯ ಒಡವೆ ಗಿರವಿಗೆ ಹೋಗುತ್ತದೆ ಎಂದು ಹೇಳಿ ನಾವು ಮುಗಿಸುತ್ತೇವೆ. ಹಾಗಾದರೆ ಸೋಲದೆ ಇರುವವನಿಗೆ, ವರ್ಷದ ಕೊನೆಗೆ ಲೆಕ್ಕ ಹಾಕಿದಾಗ ಗೆದ್ದೇ ಇರುವವನಿಗೆ, ಆ ಗೆಲುವಿನಿಂದಲೇ ಮನೆ ನಡೆಸುವವನಿಗೆ ನಾವು ಏನು ಹೇಳುತ್ತೇವೆ? ಈ ಪ್ರಶ್ನೆಗೆ ನಮ್ಮಲ್ಲಿ ಸಿದ್ಧ ಉತ್ತರವಿಲ್ಲದಿರುವುದನ್ನು ನಾನು ಕಂಡಿದ್ದೇನೆ.

ಬೆಂಗಳೂರಿನ ಹೊಸ ತಿಪ್ಪಸಂದ್ರದಲ್ಲಿ ನೆಲೆಸಿರುವ ಹಿರಿಯ ಶ್ರಾವಕರೊಬ್ಬರು ಈ ಪ್ರಶ್ನೆಯನ್ನು ನನ್ನ ಮುಂದಿಟ್ಟರು. ಇಂದಿರಾನಗರಕ್ಕೂ ಸಿ.ವಿ. ರಾಮನ್ ನಗರಕ್ಕೂ ನಡುವೆ ಇರುವ ಈ ಬಡಾವಣೆಯ ಸುತ್ತ ಒಂದು ಕಾಲಕ್ಕೆ ಎಚ್.ಎ.ಎಲ್. ಕಾರ್ಖಾನೆಯ ನೌಕರರದೇ ವಾಸ. ಈಗ ಬಾಗ್ಮನೆ ಟೆಕ್ ಪಾರ್ಕಿನಂಥ ಕಡೆಗಳಲ್ಲಿ ಕೆಲಸ ಮಾಡುವ ತರುಣರೂ ಅಷ್ಟೇ ಮಂದಿ ಇದ್ದಾರೆ. ಆ ಹಿರಿಯರ ಮಗ ಎಂಜಿನಿಯರು. ಉದ್ಯೋಗ ಬಿಟ್ಟು ಕೆಲವು ವರ್ಷ ಪೋಕರ್ ಎಂಬ ಇಸ್ಪೀಟಿನ ಆಟದಿಂದಲೇ ಜೀವನ ನಡೆಸಿದ. ಕುಡಿಯುವುದಿಲ್ಲ, ಸಿಗರೇಟು ಮುಟ್ಟುವುದಿಲ್ಲ, ರಾತ್ರಿಭೋಜನದ ನಿಯಮವನ್ನು ಮಾತ್ರ ಪಾಲಿಸಲಾಗಲಿಲ್ಲವೆಂದು ತಾನೇ ಹೇಳಿಕೊಳ್ಳುತ್ತಾನಂತೆ. ತೆರಿಗೆ ಕಟ್ಟಿದ್ದಾನೆ, ಸಾಲ ಮಾಡಿಲ್ಲ. ಊರಿನ ಬಸದಿಯ ಜೀರ್ಣೋದ್ಧಾರಕ್ಕೆ ತನ್ನ ಗಳಿಕೆಯಿಂದ ಒಂದು ದೊಡ್ಡ ಮೊತ್ತವನ್ನು ಕೊಡಬೇಕೆಂಬ ಆಸೆ ಅವನದು. ಟ್ರಸ್ಟಿನವರಲ್ಲಿ ಅರ್ಧ ಜನ ಬೇಡವೆಂದರು, ಅರ್ಧ ಜನ ಹಣಕ್ಕೆ ಯಾವ ಬಣ್ಣವೆಂದರು. ತಂದೆ ನನ್ನನ್ನು ಕೇಳಿದ್ದು ಇಷ್ಟೇ: “ನ್ಯಾಯಾಲಯವೇ ಇದು ಜೂಜಲ್ಲ, ಕೌಶಲದ ಆಟ ಎಂದಿದೆಯಂತೆ. ಹಾಗಿದ್ದ ಮೇಲೆ ವ್ಯಸನ ಹೇಗಾಯಿತು ಸ್ವಾಮಿ?”

ಈ ಕೌಶಲದ ವಾದವನ್ನು ವಿಮರ್ಶಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ವ್ಯಸನ ವ್ಯಸನವೇ ಎಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ಅದರಿಂದ ಆ ತರುಣನಿಗೂ ಉತ್ತರ ಕೊಟ್ಟಂತಾಗದು, ಟ್ರಸ್ಟಿಗೂ ದಾರಿ ತೋರಿದಂತಾಗದು.

ಮೊದಲು ನ್ಯಾಯಾಲಯಗಳು ಏನು ಹೇಳಿವೆಯೆಂಬುದನ್ನು ಸರಿಯಾಗಿ ತಿಳಿಯಬೇಕು. 1957ರಲ್ಲಿ ಚಮರ್‌ಬಾಗ್‌ವಾಲಾ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಅದೃಷ್ಟವನ್ನೇ ನಂಬಿದ ಸ್ಪರ್ಧೆಗಳನ್ನೂ ಕೌಶಲವೇ ಪ್ರಧಾನವಾದ ಸ್ಪರ್ಧೆಗಳನ್ನೂ ಬೇರೆಮಾಡಿ, ಜೂಜಿಗೆ ವ್ಯಾಪಾರದ ಹಕ್ಕಿನ ರಕ್ಷಣೆ ಇಲ್ಲವೆಂದಿತು. 1968ರಲ್ಲಿ ಆಂಧ್ರದ ಸತ್ಯನಾರಾಯಣ ಪ್ರಕರಣದಲ್ಲಿ ರಮ್ಮಿಯಲ್ಲಿ ಕೌಶಲವೇ ಹೆಚ್ಚೆಂದಿತು. 1996ರಲ್ಲಿ ಕುದುರೆ ಪಂದ್ಯವೂ ಕೌಶಲದ ಪಟ್ಟಿಗೆ ಸೇರಿತು. ನಮ್ಮ ರಾಜ್ಯದ 1963ರ ಪೊಲೀಸ್ ಕಾಯ್ದೆಯಲ್ಲಿಯೂ ಕೌಶಲದ ಆಟಗಳಿಗೆ ವಿನಾಯಿತಿ ಇದೆ. ಇದರ ಆಧಾರದ ಮೇಲೆ 2013ರ ಅಕ್ಟೋಬರಿನಲ್ಲಿ ಇಂಡಿಯನ್ ಪೋಕರ್ ಅಸೋಸಿಯೇಷನ್ನಿನ ಅರ್ಜಿಯ ಮೇಲೆ ಕರ್ನಾಟಕ ಹೈಕೋರ್ಟು, ಪೋಕರನ್ನು ಕೌಶಲದ ಆಟವಾಗಿ ಆಡುವುದಾದರೆ ಪರವಾನಗಿ ಬೇಕಿಲ್ಲ ಎಂಬ ಅಭಿಪ್ರಾಯ ಕೊಟ್ಟಿತು. 2021ರ ಅಕ್ಟೋಬರಿನಲ್ಲಿ ರಾಜ್ಯ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು, ಹಣವೊಡ್ಡಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು. 2022ರ ಫೆಬ್ರವರಿ 14ರಂದು ಮುಖ್ಯ ನ್ಯಾಯಮೂರ್ತಿ ಋತುರಾಜ್ ಅವಸ್ಥಿ ಮತ್ತು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತರ ಪೀಠ ಆ ತಿದ್ದುಪಡಿಯ ಮುಖ್ಯ ಕಲಮುಗಳನ್ನು ರದ್ದುಮಾಡಿತು.

ಇದರ ಇನ್ನೊಂದು ಮುಖವೂ ಇದೆ. 2017ರ ಡಿಸೆಂಬರಿನಲ್ಲಿ ಗುಜರಾತ್ ಹೈಕೋರ್ಟು ಇದೇ ಆಟವನ್ನು ಜೂಜೆಂದು ಕರೆಯಿತು. ಬೆಂಗಳೂರಿನಲ್ಲಿ ಮಗನೂ ಅಹಮದಾಬಾದಿನಲ್ಲಿ ಅಳಿಯನೂ ಇರುವ ಒಂದು ಜೈನ ಮನೆತನವನ್ನು ಊಹಿಸಿಕೊಳ್ಳೋಣ. ಅದೇ ಐವತ್ತೆರಡು ಎಲೆಗಳಿಂದ ಇಲ್ಲಿ ಮಗ ಆಡುವುದು ವಿದ್ಯೆ, ಅಲ್ಲಿ ಅಳಿಯ ಆಡುವುದು ದ್ಯೂತ. ಪಾಪಪುಣ್ಯಗಳ ಗಡಿಯನ್ನು ಹೈಕೋರ್ಟುಗಳ ಅಧಿಕಾರವ್ಯಾಪ್ತಿಗೆ ಹೊಂದಿಸಿ ಎಳೆಯಲಾಗದು. ನ್ಯಾಯಾಲಯಗಳನ್ನು ನಾನು ದೂರುತ್ತಿಲ್ಲ. ಯಾವುದನ್ನು ನಿಷೇಧಿಸುವ ಅಧಿಕಾರ ಶಾಸನಸಭೆಗೆ ಇದೆ, ಯಾವುದಕ್ಕಿಲ್ಲ ಎಂಬ ಪ್ರಶ್ನೆಗೆ ಅವು ಉತ್ತರಿಸಿದವು. ಆ ಹಣದಿಂದ ಶ್ರಾವಕನೊಬ್ಬ ಬದುಕಬಹುದೇ ಎಂದು ಅವುಗಳನ್ನು ಯಾರೂ ಕೇಳಿರಲಿಲ್ಲ.

ಇನ್ನು ಆಟದ ಸ್ವರೂಪ. ಹೆಚ್ಚು ಬಳಕೆಯಲ್ಲಿರುವ ಟೆಕ್ಸಾಸ್ ಹೋಲ್ಡೆಮ್ ಎಂಬ ಬಗೆಯಲ್ಲಿ ಒಬ್ಬೊಬ್ಬರಿಗೂ ಎರಡು ಎಲೆ ಗುಟ್ಟಾಗಿ ಸಿಗುತ್ತವೆ. ಐದು ಎಲೆಗಳನ್ನು ಹಂತಹಂತವಾಗಿ ಎಲ್ಲರ ಮುಂದೆ ಬಿಚ್ಚುತ್ತಾರೆ. ಹಂತಹಂತಕ್ಕೂ ಪಣ ಏರಿಸಬಹುದು, ಸರಿಗಟ್ಟಬಹುದು, ಎಲೆ ಕೆಳಗಿಟ್ಟು ಹಿಂದೆ ಸರಿಯಬಹುದು. ಕೈಯಲ್ಲಿ ಏನೂ ಇಲ್ಲದಿದ್ದರೂ ಇದ್ದವನಂತೆ ಪಣ ಏರಿಸಿ ಎದುರಾಳಿಯನ್ನು ಓಡಿಸಬಹುದು. ಅಂದರ್ ಬಾಹರಿನಂತೆ ಇದು ಕೇವಲ ಅದೃಷ್ಟದ ಆಟವಲ್ಲ ಎಂಬುದು ನಿಜ. ಎರಡು ಎಕ್ಕಗಳು ಒಟ್ಟಿಗೆ ಕೈಗೆ ಬರುವುದು 221 ಬಾರಿಗೆ ಒಮ್ಮೆ. ಬಂದಾಗಲೂ, ಎರಡು ರಾಜರನ್ನು ಹಿಡಿದವನ ಎದುರು ಕೊನೆಯವರೆಗೆ ಆಡಿದರೆ ನೂರಕ್ಕೆ ಸುಮಾರು 18 ಬಾರಿ ಸೋಲೇ. ಈ ಲೆಕ್ಕಗಳನ್ನೆಲ್ಲ ಬಲ್ಲವನು ಒಂದು ರಾತ್ರಿ ಸೋಲಬಹುದು, ಒಂದು ತಿಂಗಳೂ ಸೋಲಬಹುದು. ಸಾವಿರಾರು ಸುತ್ತುಗಳ ಮೇಲೆ ಬಲ್ಲವನು ಗೆಲ್ಲುತ್ತಾನೆ, ಅರಿಯದವನು ಸೋಲುತ್ತಾನೆ. ವೃತ್ತಿನಿರತನು ಹಗಲಿಡೀ ಕಂಪ್ಯೂಟರಿನ ಮುಂದೆ ಕುಳಿತು ಲೆಕ್ಕಗಳನ್ನು ಅಭ್ಯಾಸ ಮಾಡುತ್ತಾನೆ, ತನ್ನ ಮೂಲಧನದಲ್ಲಿ ಒಂದು ಬಾರಿಗೆ ಸಣ್ಣ ಭಾಗವನ್ನು ಮಾತ್ರ ಮೇಜಿಗೆ ತರುತ್ತಾನೆ. ಅವನ ಶ್ರಮ ಸುಳ್ಳಲ್ಲ. ಸೋಮಾರಿತನಕ್ಕೆ ಜೂಜು ಎಂದು ಬೈಯುವ ನಮ್ಮ ಹಳೆಯ ರೂಢಿ ಇವನಿಗೆ ಅನ್ವಯಿಸುವುದಿಲ್ಲ.

ಹೀಗೆ ಕೌಶಲವಿದೆಯೆಂದು ಒಪ್ಪಿದ ಮೇಲೆಯೇ ನಿಜವಾದ ಪ್ರಶ್ನೆ ಏಳುತ್ತದೆ. ಆ ಕೌಶಲ ಯಾವುದರ ಮೇಲೆ ಕೆಲಸ ಮಾಡುತ್ತದೆ? ಬಡಗಿಯ ಕೌಶಲ ಮರದ ಮೇಲೆ, ವೈದ್ಯನದು ರೋಗದ ಮೇಲೆ. ಪೋಕರ್ ಶಾಸ್ತ್ರಕ್ಕೆ ಆಧಾರಗ್ರಂಥವೆನಿಸಿದ ‘ದಿ ಥಿಯರಿ ಆಫ್ ಪೋಕರ್’ ಬರೆದ ಅಮೆರಿಕದ ಡೇವಿಡ್ ಸ್ಕ್ಲಾನ್ಸ್ಕಿ ಇದಕ್ಕೆ ಮುಚ್ಚುಮರೆಯಿಲ್ಲದೆ ಉತ್ತರ ಕೊಟ್ಟಿದ್ದಾನೆ. ಅವನು ಆಟದ ಮೂಲಸಿದ್ಧಾಂತವೆಂದು ಕರೆಯುವುದರ ತಾತ್ಪರ್ಯ ಹೀಗಿದೆ: ನಿನ್ನ ಎಲೆಗಳು ಎದುರಾಳಿಗೆ ಕಾಣುವಂತಿದ್ದರೆ ಅವನು ಹೇಗೆ ಆಡುತ್ತಿದ್ದನೋ ಅದಕ್ಕಿಂತ ಬೇರೆಯಾಗಿ ಆಡಿದಾಗಲೆಲ್ಲ ನಿನಗೆ ಲಾಭ. ಎದುರಾಳಿ ಅರಿಯದೆ ತಪ್ಪುವಂತೆ ಮಾಡುವುದೇ ವಿದ್ಯೆ, ತಪ್ಪಿದ್ದರ ಬೆಲೆಯೇ ಸಂಪಾದನೆ. ಅಜ್ಞಾನವನ್ನು ಕಳೆಯುವುದಕ್ಕೆ ಜ್ಞಾನದಾನವೆಂದು ಹೆಸರಿಟ್ಟು ಅದನ್ನು ದಾನಗಳ ಸಾಲಿಗೆ ಸೇರಿಸಿದ ಪರಂಪರೆ ನಮ್ಮದು. ಇಲ್ಲಿ ಅಜ್ಞಾನವನ್ನು ಕಾಪಾಡಿಕೊಳ್ಳುವುದರಲ್ಲೇ ವೃತ್ತಿಯ ಹಿತವಿದೆ. ಎದುರಿಗಿರುವವನು ಕಲಿತುಬಿಟ್ಟ ದಿನ ವೃತ್ತಿನಿರತನು ಬೇರೆ ಮೇಜು ಹುಡುಕಬೇಕು. ಎಲ್ಲಿ ಕುಳಿತುಕೊಳ್ಳಬೇಕೆಂದು ಆರಿಸುವುದೂ ಈ ವೃತ್ತಿಯಲ್ಲಿ ಒಂದು ಮುಖ್ಯ ಕೌಶಲವೇ: ತನಗಿಂತ ಬಲ್ಲವರಿರುವ ಕಡೆ ಕುಳಿತುಕೊಳ್ಳಬಾರದು, ಅರಿಯದವರಿರುವ ಕಡೆ ಕುಳಿತುಕೊಳ್ಳಬೇಕು.

ಲೆಕ್ಕವನ್ನೇ ನೋಡೋಣ. ಆರು ಮಂದಿ ತಲಾ 10,000 ರೂಪಾಯಿ ತಂದು ಒಂದು ಮೇಜಿಗೆ ಕುಳಿತರೆನ್ನಿ. ಮೇಜಿನ ಮೇಲೆ ಒಟ್ಟು 60,000. ಆಟ ನಡೆಸುವ ಮನೆಯವರು ಪ್ರತಿ ಸುತ್ತಿನಲ್ಲಿ ಕೂಡಿದ ಹಣದಿಂದ ತಮ್ಮ ಪಾಲನ್ನು ಕತ್ತರಿಸಿಕೊಳ್ಳುತ್ತಾರೆ. ತಾಸಿಗೆ 25 ಸುತ್ತು, ಸುತ್ತಿಗೆ ಸರಾಸರಿ 100 ರೂಪಾಯಿ ಎಂದಿಟ್ಟುಕೊಂಡರೂ ಆರು ತಾಸಿನಲ್ಲಿ 15,000 ಹೋಯಿತು. ಉಳಿದದ್ದು 45,000. ನಮ್ಮ ತರುಣ ಮಿತಲಾಭಿಯೆಂದೇ ಭಾವಿಸೋಣ. ಅವನು 15,000 ಹಿಡಿದು ಎದ್ದ, ಲಾಭ 5,000. ಮಿಕ್ಕ ಐವರು 50,000 ತಂದಿದ್ದರು, 30,000 ಹಿಡಿದು ಮನೆಗೆ ಹೋದರು. ಒಬ್ಬನ ಐದು ಸಾವಿರಕ್ಕಾಗಿ ಐವರಿಂದ ಇಪ್ಪತ್ತು ಸಾವಿರ ಹೋಗಬೇಕಾಯಿತು. ಹೊಸ ತಿಪ್ಪಸಂದ್ರದ ಮುಖ್ಯರಸ್ತೆಯಲ್ಲಿ ತರಕಾರಿ ಮಾರುವವಳೂ ಲಾಭ ಮಾಡುತ್ತಾಳೆ. ಆದರೆ ಕೊಂಡವರ ಚೀಲದಲ್ಲಿ ಅವರೆಕಾಯಿ ಇರುತ್ತದೆ. ವ್ಯಾಪಾರದಲ್ಲಿ ಎರಡು ಕೈಯೂ ತುಂಬುವುದು ಸಾಧ್ಯ. ಈ ಮೇಜಿನಿಂದ ಎದ್ದ ಐವರ ಕೈಯಲ್ಲಿ ಏನಿತ್ತು? ಮನರಂಜನೆ ಇತ್ತೆಂದು ಹೇಳುವವರಿದ್ದಾರೆ. ಒಂದು ಸಂಜೆಯ ಮಟ್ಟಿಗೆ ಒಪ್ಪೋಣ. ವೃತ್ತಿನಿರತನ ವರ್ಷದ ಗಳಿಕೆ ಒಂದು ಸಂಜೆಯ ವಿನೋದಕ್ಕೆ ಬಂದವರಿಂದ ಕೂಡಿಬರುವುದು ಕಷ್ಟ. ಸೋತರೂ ಬಿಡಲಾಗದೆ ಮತ್ತೆ ಮತ್ತೆ ಬರುವವರು ಅವನಿಗೆ ಬೇಕು. ಅವರಿಗೆ ಇರುವುದು ನಿಸ್ಸಂದೇಹವಾಗಿ ವ್ಯಸನ. ತಾನು ವ್ಯಸನಿಯಲ್ಲವೆಂದು ಆ ತರುಣ ಹೇಳುವುದು ಸತ್ಯವಿರಬಹುದು, ಆದರೆ ಅವನು ಪರರ ವ್ಯಸನದಿಂದ ಉಣ್ಣುತ್ತಾನೆ. ಹೆಂಡದಂಗಡಿಯವನು ಸ್ವತಃ ಕುಡಿಯದಿದ್ದರೂ ಅವನ ಗಳಿಕೆಯನ್ನು ನಾವು ಯಾವ ದೃಷ್ಟಿಯಿಂದ ನೋಡುತ್ತೇವೆಯೋ ಅದೇ ದೃಷ್ಟಿ ಇಲ್ಲಿಯೂ ಸಲ್ಲುತ್ತದೆ.

ಕೋಟಿಗಳ ಮಾತು ಬಂದಾಗ ಈ ಲೆಕ್ಕ ಮರೆತುಹೋಗುತ್ತದೆ. 2017ರಲ್ಲಿ ನಿಪುಣ್ ಜಾವಾ ಮತ್ತು ಆದಿತ್ಯ ಸುಶಾಂತ್ ಲಾಸ್ ವೇಗಸಿನ ವಿಶ್ವಸರಣಿಯಲ್ಲಿ ಜೋಡಿಯಾಟ ಗೆದ್ದರು. 2024ರಲ್ಲಿ ಸಂತೋಷ್ ಸುವರ್ಣ ಎರಡೂವರೆ ಲಕ್ಷ ಡಾಲರ್ ಪ್ರವೇಶಧನದ ಪಂದ್ಯದಲ್ಲಿ 50 ಲಕ್ಷ ಡಾಲರಿಗೂ ಮೀರಿ ಗೆದ್ದರು. ಇಂಥ ಸುದ್ದಿಗಳನ್ನು ಕ್ರೀಡಾಸಾಧನೆಯೆಂಬಂತೆ ಓದಿದ ನಮ್ಮ ಹುಡುಗರು ಚದುರಂಗಕ್ಕೂ ಇದಕ್ಕೂ ಏನು ಭೇದವೆಂದು ಕೇಳುತ್ತಾರೆ. ಭೇದವಿದೆ. ಚದುರಂಗದಿಂದ ಹಣವನ್ನು ತೆಗೆದುಹಾಕಿದರೂ ಆಟ ಪೂರ್ಣವಾಗಿಯೇ ಉಳಿಯುತ್ತದೆ. ಪೋಕರಿನಲ್ಲಿ ಪಣವೇ ಆಟದ ಭಾಷೆ. ಕಳೆದುಕೊಳ್ಳುವ ಭಯವಿಲ್ಲದವನನ್ನು ಬೆದರಿಸಲಾಗದು, ಬೆದರಿಸಲಾಗದಿದ್ದರೆ ಆಟವಿಲ್ಲ.

ಭಗವಾನ್ ಆದಿನಾಥರು ಕರ್ಮಭೂಮಿಯ ಆರಂಭದಲ್ಲಿ ಪ್ರಜೆಗಳಿಗೆ ಕಲಿಸಿದ ಆರು ಜೀವನೋಪಾಯಗಳು ಅಸಿ, ಮಸಿ, ಕೃಷಿ, ವಿದ್ಯೆ, ವಾಣಿಜ್ಯ, ಶಿಲ್ಪ. ಜಿನಸೇನಾಚಾರ್ಯರ ಆದಿಪುರಾಣವನ್ನು ಬಲ್ಲ ಓದುಗರಿಗೆ ಇದನ್ನು ವಿಸ್ತರಿಸಬೇಕಿಲ್ಲ. ಪೋಕರನ್ನು ವಿದ್ಯೆಯ ಲೆಕ್ಕಕ್ಕೆ ಸೇರಿಸಬಾರದೇಕೆ ಎಂದು ತರುಣರು ವಾದಿಸಬಹುದು. ಆದರೆ ಆ ಆರರಲ್ಲಿ ಯಾವುದನ್ನು ತೆಗೆದುಕೊಂಡರೂ ಕೆಲಸ ಮುಗಿದ ಮೇಲೆ ಲೋಕದಲ್ಲಿ ಏನೋ ಒಂದು ಹೆಚ್ಚಾಗಿರುತ್ತದೆ: ಧಾನ್ಯವೋ ಲೆಕ್ಕಪತ್ರವೋ ರಕ್ಷಣೆಯೋ. ಜೀವಿಗಳು ಒಂದಕ್ಕೊಂದು ಉಪಕಾರಿಗಳಾಗಿ ಬಾಳುತ್ತವೆಂಬ ಅರ್ಥದ ಉಮಾಸ್ವಾತಿಯ ಸೂತ್ರವನ್ನು ನಮ್ಮ ಧರ್ಮಲಾಂಛನದ ಕೆಳಗೆ ಅಚ್ಚುಹಾಕಿಸಿಕೊಂಡಿದ್ದೇವೆ. ಆಜೀವಿಕೆಯನ್ನು ಅಳೆಯಲು ಅದಕ್ಕಿಂತ ಬೇರೆ ಅಳತೆಗೋಲು ನಮಗೆ ಬೇಕಾಗಿಲ್ಲ. ಒಂದು ಕುತೂಹಲದ ಸಂಗತಿ: ಶ್ರಾವಕನಿಗೆ ಹೊಲ್ಲದವೆಂದು ಎಣಿಸಿದ ಹದಿನೈದು ಕರ್ಮಾದಾನಗಳಲ್ಲಿ ಇದ್ದಿಲು ಸುಡುವುದಿದೆ, ಕಾಡು ಕಡಿಸುವುದಿದೆ, ದಂತದ ವ್ಯಾಪಾರವಿದೆ, ಜೂಜನ್ನು ಮಾತ್ರ ಒಂದು ಕಸುಬೆಂದು ಅಲ್ಲಿ ಹೇಳಿಲ್ಲ. ಅದನ್ನು ಕಸುಬಾಗಿಸಿಕೊಂಡಾರೆಂದು ಪೂರ್ವಾಚಾರ್ಯರು ಎಣಿಸಿರಲಿಲ್ಲವೆಂದು ತೋರುತ್ತದೆ. ಹಾಗೆಂದು ಅದು ಅನುಮತಿಯಾಗದು.

ಇದೆಲ್ಲ ಬರಿಯ ಆಟ, ಪ್ಲಾಸ್ಟಿಕ್ಕಿನ ಬಿಲ್ಲೆಗಳು, ಪರದೆಯ ಮೇಲಿನ ಅಂಕಿಗಳು, ಇದರಲ್ಲಿ ಯಾರನ್ನು ಹಿಂಸಿಸಿದಂತಾಯಿತು ಎಂಬ ಮಾತೂ ಕೇಳಿಬರುತ್ತದೆ. ಇದಕ್ಕೆ ಕನ್ನಡ ಜೈನರು ದೂರ ಹೋಗಬೇಕಾಗಿಲ್ಲ. 1209ರಲ್ಲಿ ಜನ್ನ ಬರೆದ ಯಶೋಧರಚರಿತೆಯಲ್ಲಿ ಯಶೋಧರನು ತಾಯಿಯ ಒತ್ತಾಯಕ್ಕೆ ಮಣಿದು ಬಲಿಕೊಟ್ಟದ್ದು ಹಿಟ್ಟಿನ ಕೋಳಿಯನ್ನು. ರಕ್ತ ಹರಿಯಲಿಲ್ಲ. ಆದರೂ ತಾಯಿಮಕ್ಕಳಿಬ್ಬರೂ ಭವಭವಗಳಲ್ಲಿ ತೊಳಲಿದರು, ಸಂಕಲ್ಪದಲ್ಲಿ ಹಿಂಸೆ ಇತ್ತೆಂಬ ಕಾರಣಕ್ಕೆ. ಬಿಲ್ಲೆಗಳು ಹಿಟ್ಟಿನ ಕೋಳಿಯಂತೆಯೇ. ನೋಟನ್ನು ಬಿಲ್ಲೆಯಾಗಿಸುವುದರ ಪ್ರಯೋಜನವೇ ಕೈಯಲ್ಲಿರುವುದು ಮಗುವಿನ ಶಾಲಾ ಶುಲ್ಕವೆಂಬುದು ಮರೆತುಹೋಗಲಿ ಎಂಬುದು. ಇಷ್ಟರ ಮೇಲೆ ಒಂದು ವ್ಯತ್ಯಾಸವನ್ನೂ ಹೇಳಬೇಕು: ಹಿಟ್ಟಿನ ಕೋಳಿಗೆ ಪ್ರಾಣವಿರಲಿಲ್ಲ, ಬಿಲ್ಲೆಯ ಹಿಂದೆ ನಿಜವಾಗಿಯೂ ಒಂದು ಸಂಸಾರವಿದೆ.

ಈಚಿನ ವರ್ಷಗಳಲ್ಲಿ ಈ ವೃತ್ತಿಗೆ ಒಂದು ಗೌರವದ ಹೊದಿಕೆ ಕೊಟ್ಟ ಎರಡು ಇಂಗ್ಲಿಷ್ ಪುಸ್ತಕಗಳನ್ನು ಪ್ರಸ್ತಾಪಿಸಬೇಕು. ಆನಿ ಡ್ಯೂಕ್ ಬರೆದ ‘ಥಿಂಕಿಂಗ್ ಇನ್ ಬೆಟ್ಸ್’ 2018ರದು, ಮರಿಯಾ ಕೊನ್ನಿಕೊವಾ ಬರೆದ ‘ದಿ ಬಿಗ್ಗೆಸ್ಟ್ ಬ್ಲಫ್’ 2020ರದು. ಡ್ಯೂಕ್ ಸ್ವತಃ ವೃತ್ತಿಪರ ಆಟಗಾರ್ತಿಯಾಗಿದ್ದವರು. ಫಲ ಕೆಟ್ಟದಾದ ಮಾತ್ರಕ್ಕೆ ನಿರ್ಣಯ ಕೆಟ್ಟದ್ದೆಂದು ತಿಳಿಯಬಾರದೆಂಬುದು ಅವರ ಮುಖ್ಯ ಬೋಧೆ. ಕೊನ್ನಿಕೊವಾ ಮನಃಶಾಸ್ತ್ರ ಓದಿದ ಲೇಖಕಿ; ಆಟದ ಗಂಧವೇ ಇಲ್ಲದೆ ಎರಿಕ್ ಸೈಡೆಲ್ ಎಂಬ ಹೆಸರಾಂತ ಆಟಗಾರನ ಬಳಿ ಕಲಿತು, 2018ರ ಜನವರಿಯಲ್ಲಿ ಬಹಾಮಾಸಿನಲ್ಲಿ 84,600 ಡಾಲರ್ ಗೆದ್ದವರು. ಎರಡೂ ಪುಸ್ತಕಗಳು ಓದಲು ಯೋಗ್ಯ, ಕೊನ್ನಿಕೊವಾ ಅವರದಂತೂ ಅದೃಷ್ಟದ ಪಾತ್ರವನ್ನು ಮುಚ್ಚಿಡದೆ ಹೇಳುವ ಪ್ರಾಮಾಣಿಕ ಬರಹ. ಗೆದ್ದಾಗ ಬೀಗಬಾರದು, ಸೋತಾಗ ಕುಗ್ಗಬಾರದು, ಕ್ರೋಧ ಬಂದಾಗ ಮೇಜಿನಿಂದ ಏಳಬೇಕು, ಕ್ಷಣಕ್ಷಣಕ್ಕೂ ಎಚ್ಚರವಾಗಿರಬೇಕು ಎಂಬ ಉಪದೇಶವನ್ನು ಓದುವ ಜೈನನಿಗೆ ಸಾಮಾಯಿಕದ ಪಾಠ ಕೇಳಿದಂತೆ ಆಗುತ್ತದೆ. ನಮ್ಮ ತರುಣರು ಇದಕ್ಕೇ ಮರುಳಾಗುವುದು. ಆಟ ನನಗೆ ಸಮತೆ ಕಲಿಸಿತು ಎನ್ನುತ್ತಾರೆ.

ಇಲ್ಲಿ ಸೂಕ್ಷ್ಮವಾಗಿ ನೋಡಬೇಕು. ಈ ಸಮತೆ ತನ್ನ ಲಾಭಾಲಾಭಗಳನ್ನು ಕುರಿತದ್ದು. ಎದುರಿಗಿರುವವನ ನೋವಿನ ಬಗೆಗೆ ಈ ಪುಸ್ತಕಗಳಲ್ಲಿ ಕಾಣುವುದು ಗಮನ ಮಾತ್ರ, ಕರುಣೆಯಲ್ಲ. ಅವನ ಕೈ ನಡುಗುತ್ತಿದೆಯೇ, ಅವನು ಸಿಟ್ಟಿನಲ್ಲಿದ್ದಾನೆಯೇ ಎಂದು ನೋಡಬೇಕಾದದ್ದು ಅವನಿಂದ ಇನ್ನಷ್ಟು ತೆಗೆದುಕೊಳ್ಳಲು. ಸೋತವನು ಮೇಜಿನಿಂದ ಎದ್ದ ಮೇಲೆ ಎಲ್ಲಿಗೆ ಹೋದನೆಂದು ಪುಸ್ತಕ ಅವನನ್ನು ಹಿಂಬಾಲಿಸುವುದಿಲ್ಲ. ದುರ್ಬಲ ಆಟಗಾರನಿಗೆ ಈ ವೃತ್ತಿಯವರು ಜಗತ್ತಿನಾದ್ಯಂತ ಇಟ್ಟಿರುವ ಅಡ್ಡಹೆಸರು ‘ಮೀನು’. ನೀರಿನಲ್ಲಿ ಒಂಟಿಕಾಲಿನ ಮೇಲೆ ನಿಶ್ಚಲವಾಗಿ ನಿಂತ ಕೊಕ್ಕರೆಯ ಏಕಾಗ್ರತೆಗೆ ಕನ್ನಡದಲ್ಲಿ ಬಕಧ್ಯಾನವೆಂಬ ಹೆಸರು ಮೊದಲಿನಿಂದಲೂ ಇದೆ.

ಶಾಸ್ತ್ರದ ಪರಿಭಾಷೆಯಲ್ಲಿ ಇದರ ಸ್ಥಾನ ಯಾವುದು? ಸುಳ್ಳು ಪಣವನ್ನು ನಾನು ಅಸತ್ಯದ ಲೆಕ್ಕಕ್ಕೆ ಹಾಕಲಾರೆ. ಹಾಗೆ ಮಾಡಲು ಅವಕಾಶವಿದೆಯೆಂದು ಕುಳಿತವರೆಲ್ಲರೂ ಒಪ್ಪಿರುತ್ತಾರೆ. ಕಳವಿನ ಲೆಕ್ಕಕ್ಕೂ ನೇರವಾಗಿ ಸೇರದು. ದೋಷವಿರುವುದು ಅನರ್ಥದಂಡದಲ್ಲಿ, ಅದರಲ್ಲೂ ಅಪಧ್ಯಾನದಲ್ಲಿ. ಗಂಗರ ಕಾಲದ ನಮ್ಮ ನಾಡಿನ ಪೂಜ್ಯಪಾದರು ತತ್ತ್ವಾರ್ಥಸೂತ್ರಕ್ಕೆ ಬರೆದ ಸರ್ವಾರ್ಥಸಿದ್ಧಿಯಲ್ಲಿ ಅಪಧ್ಯಾನವನ್ನು ವಿವರಿಸುವಾಗ ಪರರ ಸೋಲುಗೆಲುವನ್ನೂ ಪರರ ಧನದ ಅಪಹಾರವನ್ನೂ ಕುರಿತ ಮನಸ್ಸಿನ ಎಣಿಕೆಯನ್ನು ಅದರೊಳಗೆ ಸೇರಿಸಿದ್ದಾರೆ. ಅಮೃತಚಂದ್ರ ಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಅನರ್ಥದಂಡದ ಪ್ರಸಂಗದಲ್ಲಿಯೇ ದ್ಯೂತವನ್ನು ತಂದು ನಿಷೇಧಿಸಿದ್ದಾರೆ. ಹವ್ಯಾಸಿಗೆ ಈ ಎಣಿಕೆ ಒಂದು ಸಂಜೆಯದು. ವೃತ್ತಿನಿರತನು ದಿನಕ್ಕೆ ಹತ್ತು ತಾಸು ಇದನ್ನೇ ಅಭ್ಯಾಸ ಮಾಡುತ್ತಾನೆ, ಚೆನ್ನಾಗಿ ಮಾಡಿದಷ್ಟೂ ಅವನಿಗೆ ಹೆಚ್ಚು ಹಣ. ಅವನ ಕೌಶಲ ನ್ಯಾಯಾಲಯದಲ್ಲಿ ಅವನ ಪರವಾಗಿ ನಿಂತಿತು. ಕರ್ಮದ ಲೆಕ್ಕದಲ್ಲಿ ಅದೇ ಕೌಶಲ ಬಂಧವನ್ನು ಗಟ್ಟಿಮಾಡುತ್ತದೆ. ಪರಿಣಾಮದ ತೀವ್ರತೆಯಂತೆ ಬಂಧದ ತೀವ್ರತೆ ಎಂಬ ನಮ್ಮ ಸಿದ್ಧಾಂತದಲ್ಲಿ, ಅರಿಯದೆ ಆಡಿ ಸೋತವನಿಗಿಂತ ಅರಿತು ಆಡಿ ಗೆದ್ದವನ ಭಾರ ಹಗುರವೆನ್ನಲು ನನಗೆ ಆಧಾರ ಕಾಣುತ್ತಿಲ್ಲ.

ಆದರೆ ಈ ತಕ್ಕಡಿಯನ್ನು ಕೈಗೆತ್ತಿಕೊಂಡ ಮೇಲೆ ತಿಪ್ಪಸಂದ್ರದ ತರುಣನೊಬ್ಬನನ್ನೇ ತೂಗಿ ಕೆಳಗಿಡುವುದು ಅನ್ಯಾಯ. ಷೇರುಪೇಟೆಯ ಫ್ಯೂಚರ್ಸ್ ಮತ್ತು ಆಪ್ಷನ್ಸ್ ವ್ಯವಹಾರದಲ್ಲಿ ನಮ್ಮ ಸಮಾಜದವರು ಬಹಳ ಮಂದಿ ಇದ್ದೇವೆ. 2024ರ ಸೆಪ್ಟೆಂಬರಿನಲ್ಲಿ ಸೆಬಿ ಪ್ರಕಟಿಸಿದ ಅಧ್ಯಯನದಂತೆ 2022ರಿಂದ 2024ರವರೆಗಿನ ಮೂರು ಆರ್ಥಿಕ ವರ್ಷಗಳಲ್ಲಿ ಆ ವ್ಯವಹಾರಕ್ಕಿಳಿದ ಸಾಮಾನ್ಯ ಜನರಲ್ಲಿ ಶೇಕಡಾ 93ರಷ್ಟು ಮಂದಿ ನಷ್ಟ ಹೊಂದಿದರು. ಒಟ್ಟು ನಷ್ಟ 1.8 ಲಕ್ಷ ಕೋಟಿ ರೂಪಾಯಿಗೂ ಹೆಚ್ಚು. ಕಂಪನಿಯ ಪಾಲುದಾರನಾಗಿ ಷೇರು ಹಿಡಿಯುವುದು ಬೇರೆ, ಬೆಳೆಯ ಬೆಲೆ ಕುಸಿದೀತೆಂದು ರೈತ ಮಾಡಿಕೊಳ್ಳುವ ಮುಂಗಡ ಒಪ್ಪಂದ ಬೇರೆ. ಗುರುವಾರವೋ ಮಂಗಳವಾರವೋ ಸಂಜೆಯೊಳಗೆ ಸೂಚ್ಯಂಕ ಎತ್ತ ಸರಿದೀತೆಂದು ಹಣವೊಡ್ಡುವುದು ಯಾವುದಕ್ಕೆ ಹತ್ತಿರ? ಅಲ್ಲಿಯೂ ಒಬ್ಬನ ಲಾಭ ಇನ್ನೊಬ್ಬನ ನಷ್ಟ, ದಲ್ಲಾಳಿಯ ಕಡಿತ ಬೇರೆ. ಹಾಗೆಯೇ ಇಂದಿರಾನಗರದ 100 ಅಡಿ ರಸ್ತೆಯ ಆಸುಪಾಸಿನಲ್ಲಿ ಕಟ್ಟಡ ಇರುವವರು ಮಹಡಿಯನ್ನು ಯಾವ ವ್ಯಾಪಾರಕ್ಕೆ ಬಾಡಿಗೆಗೆ ಕೊಟ್ಟಿದ್ದೇವೆಂದು ಒಮ್ಮೆ ತಲೆಯೆತ್ತಿ ನೋಡಬೇಕು. ದೀಪಾವಳಿಯ ಮಾತಂತೂ ಹೇಳಲು ನಾಚಿಕೆ. ಭಗವಾನ್ ಮಹಾವೀರರ ನಿರ್ವಾಣದ ದಿನ ಬೆಳಿಗ್ಗೆ ನಿರ್ವಾಣಲಾಡು ಅರ್ಪಿಸಿ ರಾತ್ರಿ ಶಕುನಕ್ಕೆಂದು ತೀನ್ ಪತ್ತಿಗೆ ಕುಳಿತುಕೊಳ್ಳುವ ಮನೆಗಳಿವೆ. ಹುಡುಗರು ಮೊದಲ ಪಾಠ ಕಲಿತದ್ದು ಕ್ಲಬ್ಬಿನಲ್ಲಲ್ಲ.

ಕಳೆದ ಕೆಲವು ವರ್ಷಗಳ ಬೆಳವಣಿಗೆಗಳನ್ನೂ ಇಲ್ಲಿ ಹೇಳಬೇಕು. ಕೋರ್ಟುಗಳು ಕೌಶಲವೆಂದರೂ 1961ರ ಆದಾಯ ತೆರಿಗೆ ಕಾಯ್ದೆ ಇಸ್ಪೀಟಿನ ಗೆಲುವನ್ನು ಲಾಟರಿಯ ಸಾಲಿನಲ್ಲಿಯೇ ಇಟ್ಟು, ಖರ್ಚು ಕಳೆಯಗೊಡದೆ ನೇರ ಶೇಕಡಾ 30ರ ತೆರಿಗೆ ವಿಧಿಸಿತು. 2023ರ ಅಕ್ಟೋಬರ್ 1ರಿಂದ ಆನ್‌ಲೈನ್ ಆಟಕ್ಕೆ ತೊಡಗಿಸಿದ ಪೂರ್ಣ ಹಣದ ಮೇಲೆ ಶೇಕಡಾ 28ರ ಜಿಎಸ್‌ಟಿ ಬಂತು. 2025ರ ಆಗಸ್ಟಿನಲ್ಲಿ ಸಂಸತ್ತು ಆನ್‌ಲೈನ್ ಆಟಗಳ ಕಾಯ್ದೆಯನ್ನು ಅಂಗೀಕರಿಸಿತು. 22ರಂದು ರಾಷ್ಟ್ರಪತಿಗಳ ಅಂಕಿತ ಬಿತ್ತು. ವರ್ಷಕ್ಕೆ 45 ಕೋಟಿ ಜನ ಸುಮಾರು 20,000 ಕೋಟಿ ರೂಪಾಯಿ ಕಳೆದುಕೊಳ್ಳುತ್ತಿದ್ದಾರೆಂಬುದು ಆಗ ಸರ್ಕಾರ ಕೊಟ್ಟ ಅಂದಾಜು. ಹಣವೊಡ್ಡಿ ಆಡಿಸುವವರಿಗೆ ಮೂರು ವರ್ಷದವರೆಗೆ ಸೆರೆ, ಒಂದು ಕೋಟಿಯವರೆಗೆ ದಂಡ ಎಂದು ಕಾಯ್ದೆ ಹೇಳುತ್ತದೆ. ಕೌಶಲವೋ ಅದೃಷ್ಟವೋ ಎಂಬ ಪ್ರಶ್ನೆಯನ್ನು ಅದು ಕೇಳುವುದೇ ಇಲ್ಲ. ಹಣವೊಡ್ಡಿ ಹಣ ನಿರೀಕ್ಷಿಸಿದರೆ ಸಾಕು. ನಮ್ಮ ವ್ಯಸನಗಳ ಪಟ್ಟಿಯೂ ಕೇಳಿದ್ದು ಅಷ್ಟನ್ನೇ. ಪೋಕರ್‌ಬಾಜಿಯಂಥ ತಾಣಗಳು ಆ ವಾರದಲ್ಲೇ ಹಣದಾಟ ನಿಲ್ಲಿಸಿದವು. ಕಾಯ್ದೆಯನ್ನು ಪ್ರಶ್ನಿಸಿ ಕರ್ನಾಟಕವೂ ಸೇರಿದಂತೆ ಹೈಕೋರ್ಟುಗಳಿಗೆ ಹೋದ ಅರ್ಜಿಗಳನ್ನು ಸರ್ವೋಚ್ಚ ನ್ಯಾಯಾಲಯ ಸೆಪ್ಟೆಂಬರಿನಲ್ಲಿ ತನ್ನ ಬಳಿಗೆ ವರ್ಗಾಯಿಸಿಕೊಂಡಿತು. ಹೀಗೆ ಪರದೆಯ ಮುಂದೆ ಕುಳಿತು ಬದುಕುತ್ತಿದ್ದವರ ವೃತ್ತಿ ಒಂದೇ ವಾರದಲ್ಲಿ ಹೋಯಿತು.

ಹೋದವರು ಈಗ ಎರಡು ದಾರಿ ಹಿಡಿಯಬಹುದು. ಒಂದು ಗೋವೆಯ ಮಾಂಡವಿ ನದಿಯ ಮೇಲಿನ ಕ್ಯಾಸಿನೊ ಹಡಗುಗಳ ದಾರಿ ಅಥವಾ ನಗರದ ಮೇಜುಗಳ ದಾರಿ. ಎದುರುಬದುರು ಕುಳಿತು ಆಡುವ ಆಟವನ್ನು ಈ ಕಾಯ್ದೆ ಮುಟ್ಟುವುದಿಲ್ಲ. ಇನ್ನೊಂದು, ಕಂಪ್ಯೂಟರಿನಲ್ಲಿ ತಾನಿರುವ ದೇಶವನ್ನು ಮರೆಮಾಚಿ ವಿದೇಶೀ ತಾಣಗಳಿಗೆ ಹೋಗುವುದು. ಆಡುವವನಿಗೆ ಶಿಕ್ಷೆಯಿಲ್ಲವೆಂಬುದು ಇದಕ್ಕೆ ಧೈರ್ಯ ಕೊಡುತ್ತದೆ. ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದೆಂಬುದನ್ನು ಅಂಥವರಿಗೆ ನೆನಪಿಸಬೇಕು. ಟೀಕಾಕಾರರಲ್ಲಿ ಅರ್ಥಭೇದವಿದ್ದರೂ, ರಾಜ್ಯದ ಕಟ್ಟಳೆಯನ್ನು ತಪ್ಪಿಸಿ ಗಳಿಸಿದ ಹಣಕ್ಕೆ ಆ ಪದ ಅನ್ವಯಿಸದೆಂದು ಹೇಳಲು ಯಾವ ಅರ್ಥವೂ ನೆರವಾಗದು.

ಇನ್ನು ಟ್ರಸ್ಟಿನ ವಿಷಯ. ಆ ತಂದೆಗೆ ನಾನು ಹೇಳಿದ್ದನ್ನೇ ಇಲ್ಲಿ ಬರೆಯುತ್ತೇನೆ. ಆಟದ ಗಳಿಕೆಯನ್ನು ಜೀರ್ಣೋದ್ಧಾರದ ನಿಧಿಗೆ ಸ್ವೀಕರಿಸುವುದು ಬೇಡ. ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಗೃಹಸ್ಥನ ಮೂವತ್ತೈದು ಗುಣಗಳಲ್ಲಿ ನ್ಯಾಯದಿಂದ ಬಂದ ಸಂಪತ್ತನ್ನೇ ಮೊದಲಿಗೆ ಇಟ್ಟಿರುವುದರಿಂದ, ದಾನದ ವಿಚಾರಕ್ಕೆ ಮೊದಲು ಗಳಿಕೆಯ ವಿಚಾರ ಬರುತ್ತದೆ. ಟ್ರಸ್ಟು ಆ ಹಣ ತೆಗೆದುಕೊಂಡು ಶಿಲೆಯ ಮೇಲೆ ಹೆಸರು ಕೆತ್ತಿಸಿದರೆ, ಪಕ್ಕದ ಮನೆಯ ಹದಿನೆಂಟರ ಹುಡುಗ ಓದುವುದು ಆ ಹೆಸರನ್ನೇ. ಆದರೆ ಹಣ ಬೇಡವೆನ್ನುವ ನೆಪದಲ್ಲಿ ಹುಡುಗನನ್ನೇ ಬೇಡವೆನ್ನಬಾರದು. ಅಭಿಷೇಕಕ್ಕೆ, ಸ್ವಾಧ್ಯಾಯಕ್ಕೆ, ಬಸದಿಯ ಲೆಕ್ಕಪತ್ರ ನೋಡುವುದಕ್ಕೆ ಅವನನ್ನು ಕರೆಯಬೇಕು. ಸಂಭವನೀಯತೆಯ ಗಣಿತವನ್ನು ಅಷ್ಟು ಅರಗಿಸಿಕೊಂಡವನಿಗೆ ವಿಮಾ ಸಂಸ್ಥೆಗಳಲ್ಲಿಯೂ ದತ್ತಾಂಶ ವಿಶ್ಲೇಷಣೆಯಲ್ಲಿಯೂ ಕೆಲಸವಿದೆ, ಅಂಥ ಸಂಸ್ಥೆಗಳಲ್ಲಿ ಹಿರಿಯ ಹುದ್ದೆಯಲ್ಲಿರುವ ನಮ್ಮವರೂ ಇದ್ದಾರೆ. ಉದ್ಯೋಗದಲ್ಲಿ ನಾಲ್ಕು ವರ್ಷದ ಕಂದರ ಕಂಡ ಕೂಡಲೇ ಅರ್ಜಿಯನ್ನು ಬದಿಗಿಡದೆ ಕರೆಸಿ ಮಾತಾಡುವ ಔದಾರ್ಯವನ್ನು ಅವರು ತೋರಬೇಕು.

ಟ್ರಸ್ಟು ಈ ಬಗ್ಗೆ ಠರಾವು ಮಾಡುವುದಾದರೆ ಅದರಲ್ಲಿ ಪೋಕರ್ ಎಂಬ ಒಂದೇ ಹೆಸರು ಇರಬಾರದು. ಇಸ್ಪೀಟು, ಕ್ರಿಕೆಟ್ ಬಾಜಿ, ಆಪ್ಷನ್ಸ್ ವ್ಯವಹಾರ, ಮದ್ಯದಂಗಡಿಯ ಬಾಡಿಗೆ ಇವೆಲ್ಲವನ್ನೂ ಬರೆದು, ಕಲಶದ ಬೋಲಿ ಕೂಗುವ ದಿನ ದೊಡ್ಡ ಮೊತ್ತ ಕೂಗುವವರ ಎದುರಿಗೇ ಆ ಠರಾವನ್ನು ಓದಬೇಕು. ಆ ಪಟ್ಟಿಯಲ್ಲಿ ಎರಡನೆಯದನ್ನೋ ಮೂರನೆಯದನ್ನೋ ಸೇರಿಸುವಾಗ ಸಭೆಯಲ್ಲಿ ಯಾರು ಎದ್ದು ನಿಲ್ಲುತ್ತಾರೆಂಬುದನ್ನು ತಿಪ್ಪಸಂದ್ರದ ಆ ತಂದೆಯೂ ಮಗನೂ ಹಿಂದಿನ ಸಾಲಿನಲ್ಲಿ ಕುಳಿತು ನೋಡುತ್ತಿರುತ್ತಾರೆ.